ಟೇಪಿನಲ್ಲಿ 86 ಮೀಟರ್, ನಕ್ಷೆಯಲ್ಲಿ 80.81: ಇಳಿಜಾರಿನ ಅಳತೆಯ ಲೆಕ್ಕ

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಪಹಣಿಯಲ್ಲಿ 2 ಎಕರೆ ಇದೆ. ಬೇಲಿ ಹಾಕಿಸುವ ಮೊದಲು ನಾನೂ ಮಗನೂ 30 ಮೀಟರ್ ಟೇಪ್ ಹಿಡಿದು ನೆಲದ ಮೇಲೇ ಅಳೆದೆವು. ಮೇಲಿನ ಮತ್ತು ಕೆಳಗಿನ ಬದಿ ತಲಾ 100 ಮೀಟರ್, ಇಳಿಜಾರಿನ ಎರಡು ಬದಿ ತಲಾ 86 ಮೀಟರ್. ಮೂಲೆಗಳು ಹೆಚ್ಚುಕಮ್ಮಿ ಚೌಕ. ಗುಣಿಸಿದರೆ 8,600 ಚದರ ಮೀಟರ್, ಅಂದರೆ 2 ಎಕರೆ 5 ಗುಂಟೆ. ಆಮೇಲೆ ಖಾಸಗಿ ಸರ್ವೆಯರ್ ಒಬ್ಬರು ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಯಂತ್ರ) ಇಟ್ಟು ನೋಡಿ, ಇಳಿಜಾರಿನ ಬದಿ 80.81 ಮೀಟರ್, ವಿಸ್ತೀರ್ಣ 1 ಎಕರೆ 39 ಗುಂಟೆ 14 ಆಣೆ (16 ಆಣೆಗೆ ಒಂದು ಗುಂಟೆ) ಎಂದರು. ಯಂತ್ರದ ಪರದೆಯಲ್ಲಿ ಕೋನ 110 ಡಿಗ್ರಿ ಎಂದಿತ್ತು. ಅಷ್ಟು ಕಡಿದಾದ ನೆಲ ನಮ್ಮದಲ್ಲ. ಐದು ಗುಂಟೆ ಎಲ್ಲಿ ಹೋಯಿತು? ಪಕ್ಕದವರು ಒತ್ತಿದ್ದಾರೆ ಎಂದು ಮಗ ಹೇಳುತ್ತಿದ್ದಾನೆ. ಬೇಲಿ ತಂತಿಯನ್ನಾದರೂ ಯಾವ ಅಳತೆಗೆ ತರಬೇಕು?

ಉತ್ತರ: ನೀವು ಕೊಟ್ಟಿರುವ ಅಂಕಿಗಳಲ್ಲಿ ಒತ್ತುವರಿಯ ಸುಳಿವೇ ಇಲ್ಲ. ಪಕ್ಕದವರ ಮನೆಗೆ ಹೋಗಿ ಮಾತು ಎತ್ತುವ ಮೊದಲು ಇದನ್ನು ಓದಿ ಮುಗಿಸಿ ಎಂದು ನಿಮ್ಮ ಮಗನಿಗೆ ದಯವಿಟ್ಟು ಹೇಳಿ. ನಿಮ್ಮ ಟೇಪೂ ಸರಿ, ಅವರ ಯಂತ್ರವೂ ಸರಿ. ಎರಡೂ ಅಳೆದದ್ದು ಬೇರೆ ಬೇರೆ ಗೆರೆಗಳನ್ನು. ನಿಮ್ಮ 86 ಮೀಟರ್ ನೆಲಕ್ಕೆ ಅಂಟಿಕೊಂಡು ಇಳಿದ ಗೆರೆಯ ಉದ್ದ. ಅವರ 80.81 ಮೀಟರ್ ಅದೇ ಎರಡು ಬಾಂದು ಕಲ್ಲುಗಳ ನಡುವೆ ಮಟ್ಟಸವಾಗಿ ಎಳೆದ ಗೆರೆಯ ಉದ್ದ. ಗೋಡೆಗೆ ಒರಗಿಸಿದ ಏಣಿಯ ಉದ್ದಕ್ಕೂ, ಏಣಿಯ ಬುಡದಿಂದ ಗೋಡೆಗಿರುವ ದೂರಕ್ಕೂ ಇರುವ ಸಂಬಂಧವೇ ಇವೆರಡಕ್ಕೂ ಇದೆ.

ಮೊದಲು ಆ 110 ಡಿಗ್ರಿಯ ವಿಷಯ. ಟೋಟಲ್ ಸ್ಟೇಷನ್ ಸಾಮಾನ್ಯವಾಗಿ ಲಂಬ ಕೋನವನ್ನು ನೆಲಮಟ್ಟದಿಂದ ಎಣಿಸುವುದಿಲ್ಲ, ನೆತ್ತಿಯಿಂದ ಎಣಿಸುತ್ತದೆ. ದುರ್ಬೀನು ನೇರ ಆಕಾಶ ನೋಡಿದರೆ 0, ಮಟ್ಟಸವಾಗಿ ನೋಡಿದರೆ 90. ಅದಕ್ಕಿಂತ ಕೆಳಗೆ ಬಾಗಿದಷ್ಟೂ 90ರ ಮೇಲೆ ಹೋಗುತ್ತದೆ. 110 ಎಂದರೆ ಮಟ್ಟಕ್ಕಿಂತ 20 ಡಿಗ್ರಿ ಕೆಳಗೆ, ಅಷ್ಟೇ. ಯಂತ್ರವನ್ನು ಕೆಳಗಿನ ಮೂಲೆಯಲ್ಲಿ ಇಟ್ಟು ಮೇಲಕ್ಕೆ ನೋಡಿದ್ದರೆ ಅದೇ ಬದಿಗೆ 70 ಎಂದು ತೋರಿಸುತ್ತಿತ್ತು.

ಈಗ ಲೆಕ್ಕ. ಇಳಿಜಾರಿನ ಉದ್ದವನ್ನು ಇಳಿಜಾರಿನ ಕೋನದ ಕಾಸ್ ಬೆಲೆಯಿಂದ ಗುಣಿಸಿದರೆ ಸಮತಲ ದೂರ ಬರುತ್ತದೆ. ಸೈನ್ ಬೆಲೆಯಿಂದ ಗುಣಿಸಿದರೆ ಏರಿಳಿತದ ಎತ್ತರ ಬರುತ್ತದೆ. 20 ಡಿಗ್ರಿಯ ಕಾಸ್ 0.9397. ಅದಕ್ಕೆ 86 ಗುಣಿಸಿದರೆ 80.81. ನೆತ್ತಿಯ ಕೋನವನ್ನೇ ಬಳಸುವುದಾದರೆ ಎರಡೂ ಅದಲುಬದಲು: ಸಮತಲ ದೂರಕ್ಕೆ ಸೈನ್ 110, ಎತ್ತರಕ್ಕೆ ಕಾಸ್ 110. ಸೈನ್ 110 ಕೂಡ 0.9397. ಕಾಸ್ 110 ಮೈನಸ್ 0.3420 ಬರುತ್ತದೆ. ಆ ಮೈನಸ್ ಗುರುತು ಕೆಳಗಿನ ಕಲ್ಲು ತಗ್ಗಿನಲ್ಲಿದೆ ಎಂದು ಹೇಳುತ್ತದೆ. 86ರಿಂದ ಗುಣಿಸಿದರೆ 29.41 ಮೀಟರ್ ತಗ್ಗು. ಇನ್ನು ವಿಸ್ತೀರ್ಣ: 100ನ್ನು 80.81ರಿಂದ ಗುಣಿಸಿದರೆ 8,081 ಚದರ ಮೀಟರ್. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ ಅಥವಾ 101.17 ಚದರ ಮೀಟರ್. ಭಾಗಿಸಿದರೆ 79.88 ಗುಂಟೆ. ನಿಮ್ಮ ಸರ್ವೆಯರ್ ಹೇಳಿದ 1 ಎಕರೆ 39 ಗುಂಟೆ 14 ಆಣೆ ಇದೇ. ಪಹಣಿಯ ಎರಡು ಎಕರೆಗೆ ಕಡಿಮೆ ಬಿದ್ದದ್ದು ಎರಡು ಆಣೆ, ಸುಮಾರು 12 ಚದರ ಮೀಟರ್. ಹಳೆಯ ಸರಪಳಿ ಅಳತೆಗೂ ಇಂದಿನ ಯಂತ್ರಕ್ಕೂ ಇಷ್ಟು ಹತ್ತಿರ ಹೊಂದಿಕೆಯಾದರೆ ಸಮಾಧಾನಪಡಬೇಕು. ನಿಮ್ಮ ಹಿರಿಯರ ಕಾಲದಲ್ಲಿ ಅಳೆದವರು ಸರಪಳಿಯನ್ನು ಮಟ್ಟಸವಾಗಿಯೇ ಹಿಡಿದಿದ್ದರು ಎಂದು ನನಗೆ ಇದರಿಂದ ತೋರುತ್ತದೆ.

ನೆಲದ ಮೇಲೆ ಕಣ್ಣಿಗೆ ಕಾಣುವ ಐದು ಗುಂಟೆಯನ್ನು ಕಾಗದ ಯಾಕೆ ಒಪ್ಪುವುದಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಮಲೆನಾಡಿನ ರೈತರಿಗೆ ಇದರಲ್ಲಿ ಮೋಸವಿದೆ ಎಂಬ ಭಾವನೆ ಬಲವಾಗಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಹೀಗೆ ಯೋಚಿಸಿ: ನಾಳೆ ನೀವು ಅದೇ ಇಳಿಜಾರನ್ನು ಜೆಸಿಬಿಯಿಂದ ಕಡಿಸಿ ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡಿಸುತ್ತೀರಿ. ಮೆಟ್ಟಿಲುಗಳ ಮಟ್ಟಸ ಭಾಗಗಳನ್ನೆಲ್ಲ ಕೂಡಿದರೆ 80.81 ಮೀಟರೇ ಬರುತ್ತದೆ. ಓರೆ ಅಳತೆಯನ್ನೇ ದಾಖಲೆಗೆ ಹಾಕಿದ್ದರೆ, ಜೆಸಿಬಿ ಬಂದ ದಿನ ನಿಮ್ಮ ಆಸ್ತಿ ಐದು ಗುಂಟೆ ಕುಗ್ಗಬೇಕಾಗಿತ್ತು. ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದರೆ ಮತ್ತೆ ಹಿಗ್ಗಬೇಕಾಗಿತ್ತು. ಹಾಗೆ ಪ್ರತಿ ಮಳೆಗಾಲಕ್ಕೂ ಬದಲಾಗುವ ಅಂಕಿಯ ಮೇಲೆ ಕ್ರಯಪತ್ರ ಬರೆಯಲಾಗದು. ಇನ್ನೊಂದು ಕಾರಣ ಗ್ರಾಮ ನಕ್ಷೆಯದು. ಒಂದು ಗುಡ್ಡದ ಎಲ್ಲ ಸರ್ವೆ ನಂಬರುಗಳನ್ನು ಕಾಗದದ ಮೇಲೆ ಅಕ್ಕಪಕ್ಕ ಇಟ್ಟಾಗ ನಡುವೆ ಸಂದು ಉಳಿಯಬಾರದು, ಒಂದರ ಮೇಲೊಂದು ಹತ್ತಬಾರದು. ಸಮತಲ ಅಳತೆಯಲ್ಲಿ ಮಾತ್ರ ಅದು ಸಾಧ್ಯ. ಮಳೆ, ಬಿಸಿಲು ಬೀಳುವುದೂ, ಸಿಲ್ವರ್ ಓಕ್ ಬೆಳೆಯುವುದೂ ಈ ಸಮತಲ ವಿಸ್ತೀರ್ಣದ ಲೆಕ್ಕದಲ್ಲೇ.

ಈ ಪದ್ಧತಿ ನಮ್ಮ ನೆಲಕ್ಕೆ ಹೊಸದೇನಲ್ಲ. ಬ್ರಿಟಿಷ್ ಸೇನೆಯ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಆಧಾರ ರೇಖೆ, ಅಂದರೆ ಸರ್ವೆಯ ಮುಂದಿನ ಲೆಕ್ಕಕ್ಕೆಲ್ಲ ಮೂಲವಾಗುವ ಗೆರೆ, ಅಳೆದದ್ದು 100 ಅಡಿಯ ಉಕ್ಕಿನ ಸರಪಳಿಯಿಂದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾ ತ್ರಿಕೋನಮಿತಿ ಸರ್ವೆಯ ಆಧಾರ ರೇಖೆಯನ್ನು ಅಳೆದಾಗ, ನೆಲ ಏರಿಳಿದ ಕಡೆ ಸರಪಳಿಯನ್ನು ಓರೆಯಾಗಿಯೇ ಎಳೆದು, ಪ್ರತಿ ತುಂಡಿನ ಏರಿಳಿತದ ಕೋನವನ್ನು ಪಕ್ಕದಲ್ಲೇ ಬರೆದುಕೊಂಡು, ಆಮೇಲೆ ಲೆಕ್ಕದಲ್ಲಿ ಮಟ್ಟಕ್ಕೆ ತಂದರು. ಪ್ರತಿ ತುಂಡಿಗೂ ಅದರದೇ ಕೋನ ಎಂಬ ಆ ಶಿಸ್ತನ್ನು ನಾನು ಇವತ್ತಿಗೂ ಹೊಸ ಹುಡುಗರಿಗೆ ಒತ್ತಿ ಹೇಳುತ್ತೇನೆ. ಕೋನವಿಲ್ಲದೆ ಬರೆದಿಟ್ಟ ಓರೆ ಉದ್ದ ಅರ್ಧ ಅಳತೆ. ಯಂತ್ರ ಎಷ್ಟೇ ದುಬಾರಿಯಾಗಿದ್ದರೂ ಉಳಿದರ್ಧವನ್ನು ಆಮೇಲೆ ಊಹಿಸಲು ಬರುವುದಿಲ್ಲ.

ಇದು ಯಾಕೆ ಮುಖ್ಯ ಎಂದು ನಿಮ್ಮ ಬದಿಯಲ್ಲೇ ತೋರಿಸುತ್ತೇನೆ. 86 ಮೀಟರ್ ಉದ್ದಕ್ಕೂ ನೆಲ ಒಂದೇ ಸಮನೆ 20 ಡಿಗ್ರಿ ಇಳಿದಿದೆ ಎಂದು ಇಲ್ಲಿಯವರೆಗೆ ಹಿಡಿದೆವು. ಹಾಗಿಲ್ಲ ಎಂದುಕೊಳ್ಳಿ. ಮೇಲಿನ 40 ಮೀಟರ್ ಬರೀ 8 ಡಿಗ್ರಿ ಇಳಿದು, ಆಮೇಲಿನ 46 ಮೀಟರ್ ಹಳ್ಳದ ಕಡೆಗೆ 30 ಡಿಗ್ರಿ ಧುಮುಕುತ್ತದೆ. ಆಗ ಮೊದಲ ತುಂಡಿನ ಸಮತಲ ದೂರ 39.61, ಎರಡನೆಯದರದು 39.84, ಒಟ್ಟು 79.45 ಮೀಟರ್. ಮೇಲಿನ ಕಲ್ಲಿನಿಂದ ಕೆಳಗಿನ ಕಲ್ಲಿಗೆ ನೇರ ಗುರಿ ಹಿಡಿದರೆ ಕೋನ 19.8 ಡಿಗ್ರಿಯ ಹತ್ತಿರ ಬರುತ್ತದೆ. ಆ ಒಂದೇ ಕೋನವನ್ನು ನೆಲಕ್ಕಂಟಿದ 86 ಮೀಟರಿಗೆ ಹಚ್ಚಿದರೆ ಉತ್ತರ 80.93. ವ್ಯತ್ಯಾಸ 1.48 ಮೀಟರ್, 100 ಮೀಟರ್ ಅಗಲಕ್ಕೆ ಸುಮಾರು ಒಂದೂವರೆ ಗುಂಟೆ. ಟೇಪು ನೆಲದ ಮುರಿವನ್ನು ಅನುಸರಿಸಿದೆ, ಕೋನ ಗಾಳಿಯಲ್ಲಿ ನೇರ ಹೋಗಿದೆ. ಎರಡಕ್ಕೂ ಜೋಡಿ ಕೂಡುವುದಿಲ್ಲ. ಆದ್ದರಿಂದ ಇಳಿಜಾರು ಬದಲಾಗುವ ಪ್ರತಿ ಜಾಗಕ್ಕೂ ಒಂದು ಗೂಟ ಹೊಡೆದು, ತುಂಡು ತುಂಡಾಗಿ ಅಳೆಯಬೇಕು. ಟೋಟಲ್ ಸ್ಟೇಷನ್ನಿಗೆ ಈ ತೊಂದರೆ ಇಲ್ಲ, ಏಕೆಂದರೆ ಅದರ ಬೆಳಕು ಕೋನ ಹಿಡಿದ ಗೆರೆಯಲ್ಲೇ ಹೋಗಿ ಬರುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪನ್ನು ಓದಿದವರೂ ಮಾಡುತ್ತಾರೆ: ಇಡೀ ತೋಟಕ್ಕೆ ಒಂದು ಇಳಿಜಾರು ಕೋನ ಹಿಡಿದು, ಎಲ್ಲ ಬದಿಗಳನ್ನೂ ಅದರಿಂದ ಕಡಿಮೆ ಮಾಡುವುದು. ನಿಮ್ಮ ಮೇಲಿನ ಮತ್ತು ಕೆಳಗಿನ ಬದಿಗಳು ಗುಡ್ಡಕ್ಕೆ ಅಡ್ಡಲಾಗಿ ಮಟ್ಟದಲ್ಲೇ ಸಾಗಿವೆ. ಅವಕ್ಕೆ ಯಾವ ಕಡಿತವೂ ಇಲ್ಲ, 100 ಮೀಟರ್ 100 ಮೀಟರೇ. ಎರಡೂ ದಿಕ್ಕಿಗೆ 0.9397 ಹಚ್ಚಿದ್ದರೆ ನಿಮ್ಮ ತೋಟ 7,594 ಚದರ ಮೀಟರಿಗೆ ಇಳಿದು, ಇಲ್ಲದ ಐದು ಗುಂಟೆ ಕೊರತೆ ಹುಟ್ಟುತ್ತಿತ್ತು. ಓರೆಯಾಗಿ ಹೋಗುವ ಬೇಲಿಗಳದು ಇವೆರಡರ ನಡುವಿನ ಕಥೆ. ನೀರು ನೇರ ಹರಿಯುವ ದಿಕ್ಕಿನಲ್ಲಿ 20 ಡಿಗ್ರಿ ಇರುವ ಗುಡ್ಡದ ಮೇಲೆ, ಆ ದಿಕ್ಕಿಗೆ ನಕ್ಷೆಯಲ್ಲಿ 45 ಡಿಗ್ರಿ ಓರೆಯಾಗಿ ನಡೆದರೆ ಕಾಲಿಗೆ ಸಿಗುವ ಇಳಿಜಾರು 14.4 ಡಿಗ್ರಿ ಮಾತ್ರ. ಇಳಿಜಾರಿನ ಟ್ಯಾನ್ ಬೆಲೆಯನ್ನು ಓರೆ ಕೋನದ ಕಾಸ್ ಬೆಲೆಯಿಂದ ಗುಣಿಸಿದರೆ ಹೊಸ ಟ್ಯಾನ್ ಸಿಗುತ್ತದೆ. ಸೂತ್ರ ನೆನಪಿಡಬೇಕಾಗಿಲ್ಲ. ಪ್ರತಿ ಗೆರೆಯ ಕೋನವನ್ನು ಆ ಗೆರೆಯ ಮೇಲೇ ನಿಂತು ಹಿಡಿದರೆ ಸಾಕು. ಚೌಕವಲ್ಲದ ತುಂಡುಗಳಿಗೂ ಕ್ರಮ ಇದೇ: ಕರ್ಣವನ್ನೂ ಅಳೆದು, ಮೊದಲು ಎಲ್ಲ ಬದಿಗಳನ್ನೂ ಕರ್ಣವನ್ನೂ ಸಮತಲಕ್ಕೆ ತಂದು, ಆಮೇಲೆ ಎರಡು ತ್ರಿಕೋನಗಳ ವಿಸ್ತೀರ್ಣ ಕಟ್ಟಿ ಕೂಡಿಸಿ.

ಯಂತ್ರವಿಲ್ಲದೆ ನೀವೇ ಪರೀಕ್ಷಿಸಬಹುದೇ ಎಂದರೆ, ಬಹುದು. ಹಳೆಯ ದಾರಿ ಎಂದರೆ ಟೇಪನ್ನು ಮಟ್ಟಸವಾಗಿ ಹಿಡಿದು ಮೆಟ್ಟಿಲಿನಂತೆ ಇಳಿಯುವುದು. ಮೇಲಿನವನು ಟೇಪಿನ ತುದಿಯನ್ನು ನೆಲಕ್ಕೆ ಒತ್ತುತ್ತಾನೆ, ಕೆಳಗಿನವನು ಎದೆಯೆತ್ತರಕ್ಕೆ ಎತ್ತಿ ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕುತ್ತಾನೆ. ಮೆಲ್ಲನೆಯ ಇಳಿಜಾರಿನಲ್ಲಿ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ, ಲೆಕ್ಕವೇ ಬೇಡ. 20 ಡಿಗ್ರಿಯಲ್ಲಿ ಮಾತ್ರ ಒಂದೂವರೆ ಮೀಟರ್ ಎತ್ತಿದರೂ ಒಂದು ಮೆಟ್ಟಿಲಿಗೆ ದಕ್ಕುವುದು ನಾಲ್ಕು ಮೀಟರ್ ಚಿಲ್ಲರೆ. 86 ಮೀಟರಿಗೆ ಸುಮಾರು ಇಪ್ಪತ್ತು ಸಲ ಗುಂಡು ಬಿಡಬೇಕು. ಟೇಪು ಜೋತರೂ, ಓರೆಯಾದರೂ ತಪ್ಪು ಒಂದೇ ಕಡೆಗೆ, ಹೆಚ್ಚಿನ ಕಡೆಗೇ ಸೇರುತ್ತ ಹೋಗುತ್ತದೆ. ಅಂಥ ನೆಲದಲ್ಲಿ ಓರೆಯಾಗಿ ಅಳೆದು ಕೋನ ಹಿಡಿಯುವುದೇ ವಾಸಿ.

ಕೋನಕ್ಕೆ ಅಬ್ನಿ ಲೆವೆಲ್ ಅಥವಾ ಕ್ಲೈನೋಮೀಟರ್ ಸಾಕು, ಎರಡೂ ಕೈಯಲ್ಲಿ ಹಿಡಿದು ಇಳಿಜಾರಿನ ಕೋನ ನೋಡುವ ಸಣ್ಣ ಉಪಕರಣಗಳು. ಗುರಿ ಎಲ್ಲಿಗೆ ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ನಿಮ್ಮ ಕಣ್ಣಿನ ಎತ್ತರವನ್ನು ಒಂದು ಕೋಲಿನ ಮೇಲೆ ಬಟ್ಟೆ ಕಟ್ಟಿ ಗುರುತು ಮಾಡಿ, ಆ ಕೋಲನ್ನು ಇನ್ನೊಂದು ತುದಿಯಲ್ಲಿ ನೆಟ್ಟಗೆ ನಿಲ್ಲಿಸಿ, ಆ ಬಟ್ಟೆಗೇ ಗುರಿ ಹಿಡಿಯಬೇಕು. ಆಗ ನಿಮ್ಮ ನೋಟದ ಗೆರೆ ನೆಲಕ್ಕೆ ಸಮಾನಾಂತರ. ಕೋಲಿನ ಬುಡಕ್ಕೆ ಗುರಿ ಹಿಡಿದರೆ, 30 ಮೀಟರ್ ದೂರದಲ್ಲಿ ಒಂದೂವರೆ ಮೀಟರಿನ ಕಣ್ಣಿನ ಎತ್ತರ 20 ಡಿಗ್ರಿಯನ್ನು 22.6 ಎಂದು ತೋರಿಸುತ್ತದೆ, ಆ 30 ಮೀಟರಿನಲ್ಲೇ ಅರ್ಧ ಮೀಟರ್ ಹೋಗುತ್ತದೆ. ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿ ಸರಾಸರಿ ತೆಗೆದರೆ ಉಪಕರಣದ ಸ್ವಂತ ದೋಷವೂ ಬಹುಪಾಲು ಅಳಿಯುತ್ತದೆ. ಟೋಟಲ್ ಸ್ಟೇಷನ್ನಿನಲ್ಲೂ ಇದೇ ನ್ಯಾಯ: ಎಡ ಮುಖ, ಬಲ ಮುಖ (ದುರ್ಬೀನನ್ನು ಮಗುಚಿ, ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ ಅದೇ ಗುರಿಯನ್ನು ನೋಡುವುದು) ಎರಡರಲ್ಲೂ ಓದಿದ ಲಂಬ ಕೋನಗಳನ್ನು ಕೂಡಿದರೆ 360 ಬರಬೇಕು. ಬಾರದಿದ್ದರೆ ಎಷ್ಟು ತಪ್ಪಿದೆಯೋ ಅದರ ಅರ್ಧವನ್ನು ಪ್ರತಿ ಓದಿಗೂ ಸರಿಪಡಿಸಬೇಕು.

ಮೊಬೈಲ್ ಫೋನಿನಲ್ಲಿ ಇಳಿಜಾರು ನೋಡುವವರು ಈಗ ಬಹಳ. ಅಂದಾಜಿಗೆ ಪರವಾಗಿಲ್ಲ, ಗಡಿ ವ್ಯಾಜ್ಯಕ್ಕೆ ಸಾಲದು. ಕೋನದಲ್ಲಿ ಒಂದೇ ಡಿಗ್ರಿ ತಪ್ಪಿದರೂ ನಿಮ್ಮ ಬದಿ 51 ಸೆಂಟಿಮೀಟರ್ ಬದಲಾಗುತ್ತದೆ, ವಿಸ್ತೀರ್ಣ ಅರ್ಧ ಗುಂಟೆ. ಐದು ಸೆಕೆಂಡ್ (ಒಂದು ಡಿಗ್ರಿಯಲ್ಲಿ 3,600 ಸೆಕೆಂಡ್) ನಿಖರತೆಯ ಯಂತ್ರದಲ್ಲಿ ಅದೇ ಬದಿಗೆ ಕೋನದಿಂದ ಬರುವ ತಪ್ಪು ಒಂದು ಮಿಲಿಮೀಟರಿಗಿಂತ ಕಡಿಮೆ. ಒಂದು ವಿಚಿತ್ರ ಗಮನಿಸಿ: ಅದೇ ಒಂದು ಡಿಗ್ರಿ ತಪ್ಪು 5 ಡಿಗ್ರಿಯ ನೆಲದಲ್ಲಿ ಆಗಿದ್ದರೆ ಸಮತಲ ದೂರ ಬರೀ 13 ಸೆಂಟಿಮೀಟರ್ ಬದಲಾಗುತ್ತಿತ್ತು. ಕಡಿದಾದಷ್ಟೂ ಕೋನದ ತಪ್ಪು ದುಬಾರಿ. ಎತ್ತರದ ಲೆಕ್ಕದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮಟ್ಟಸ ನೆಲದಲ್ಲೇ ಕೋನದ ತಪ್ಪು ಹೆಚ್ಚು ಕಾಡುತ್ತದೆ.

ಫೋನು ಡಿಗ್ರಿ ತೋರಿಸುತ್ತಿದೆಯೋ ಶೇಕಡಾ ತೋರಿಸುತ್ತಿದೆಯೋ ಎಂಬುದನ್ನೂ ನೋಡಿಕೊಳ್ಳಿ. ಶೇಕಡಾ 20 ಎಂದರೆ 11.3 ಡಿಗ್ರಿ, 20 ಡಿಗ್ರಿ ಎಂದರೆ ಶೇಕಡಾ 36. ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕುವವರಿಗೆ ಇನ್ನೊಂದು ಬಲೆಯಿದೆ. ಅದು ಕೋನವನ್ನು ರೇಡಿಯನ್ನಿನಲ್ಲಿ ಕೇಳುತ್ತದೆ. ನೇರವಾಗಿ 20 ಕೊಟ್ಟರೆ ಕಾಸ್ 0.408 ಎನ್ನುತ್ತದೆ, ನಿಮ್ಮ 86 ಮೀಟರ್ 35 ಆಗುತ್ತದೆ. ಅಷ್ಟು ದೊಡ್ಡ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ. ಹಿಡಿಯಲು ಕಷ್ಟವಾದದ್ದು 20 ಡಿಗ್ರಿ 30 ನಿಮಿಷವನ್ನು 20.30 ಎಂದು ಬರೆಯುವುದು. ಅದು 20.50. ತಪ್ಪು ಸಣ್ಣದಾಗಿರುವುದರಿಂದಲೇ ನಕ್ಷೆಯವರೆಗೂ ಹೋಗಿ ಕೂರುತ್ತದೆ.

ಬಾಯಿಲೆಕ್ಕಕ್ಕೆ ಒಂದು ಉಪಾಯ: 100 ಮೀಟರ್ ಓರೆ ಉದ್ದಕ್ಕೆ ಕಡಿತ ಎಷ್ಟು ಎಂದರೆ, ಕೋನದ ವರ್ಗವನ್ನು ಒಂದೂವರೆಯಿಂದ ಗುಣಿಸಿ, ಬಂದದ್ದು ಸೆಂಟಿಮೀಟರ್. 2 ಡಿಗ್ರಿಗೆ 6, 5 ಡಿಗ್ರಿಗೆ 38, 10 ಡಿಗ್ರಿಗೆ ಒಂದೂವರೆ ಮೀಟರ್, 20 ಡಿಗ್ರಿಗೆ ಆರು ಮೀಟರ್. ಕೋನ ಇಮ್ಮಡಿಯಾದರೆ ಕಡಿತ ನಾಲ್ಮಡಿ. ಬಯಲುಸೀಮೆಯಲ್ಲಿ ಟೇಪನ್ನು ನೆಲದ ಮೇಲೆ ಎಳೆದು ಅಳೆದರೂ ಯಾರಿಗೂ ತೊಂದರೆಯಾಗದಿರುವುದಕ್ಕೂ, ಅದೇ ಅಭ್ಯಾಸ ಹೊತ್ತು ಘಟ್ಟದ ತಪ್ಪಲಿಗೆ ಬಂದಾಗ ಅಣ್ಣತಮ್ಮಂದಿರ ಪಾಲಿನಲ್ಲಿ ಗುಂಟೆಗಟ್ಟಲೆ ಗೊಂದಲವಾಗುವುದಕ್ಕೂ ಕಾರಣ ಇದೇ. ಒಬ್ಬನಿಗೆ ಮೇಲಿನ ಮಟ್ಟಸ ಭಾಗ, ಇನ್ನೊಬ್ಬನಿಗೆ ಕೆಳಗಿನ ಕಡಿದಾದ ಭಾಗ ಹಂಚಿ, ಇಬ್ಬರಿಗೂ ನೆಲದ ಮೇಲೆ ಸಮ ಸಮ ಮೀಟರ್ ಅಳೆದು ಕೊಟ್ಟರೆ, ಕೆಳಗಿನವನಿಗೆ ಅನ್ಯಾಯವಾಗುತ್ತದೆ. ಪಾಲು ಮಾಡುವಾಗ ದಯವಿಟ್ಟು ಸಮತಲ ಅಳತೆಯಲ್ಲೇ ಮಾಡಿ.

ಮುಂದೆ ಯಾರಾದರೂ ಉಪಗ್ರಹ ಆಧಾರಿತ ರೋವರ್ ತಂದು ಅಳೆದು, ನಿಮ್ಮ 80.81 ಮೀಟರನ್ನು 80.77 ಎಂದರೆ ಮತ್ತೆ ಗಾಬರಿಯಾಗಬೇಡಿ. ಅದು ಇಳಿಜಾರಿನ ವಿಷಯವಲ್ಲ. ಯುಟಿಎಂ ಜಾಲರಿಯಲ್ಲಿ (ದುಂಡಗಿನ ಭೂಮಿಯನ್ನು ವಲಯಗಳಾಗಿ ಹಂಚಿ ಚಪ್ಪಟೆ ನಕ್ಷೆಗೆ ತರುವ ಪದ್ಧತಿ) ಲೆಕ್ಕ ಹಾಕಿದರೆ ನಿಮ್ಮ ಭಾಗದಲ್ಲಿ 100 ಮೀಟರಿಗೆ ಸುಮಾರು 3 ಸೆಂಟಿಮೀಟರ್ ಕುಗ್ಗುತ್ತದೆ, ಏಕೆಂದರೆ ಆ ವಲಯದ ನಡುಗೆರೆಯಾದ 75 ಡಿಗ್ರಿ ರೇಖಾಂಶದ ಹತ್ತಿರ ಜಾಲರಿಯ ಅಳತೆಯನ್ನು ಬೇಕೆಂದೇ ಕಿರಿದಾಗಿಸಿದ್ದಾರೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಅಳತೆಯನ್ನು ಸಮುದ್ರಮಟ್ಟಕ್ಕೆ ಇಳಿಸಿದರೆ ಇನ್ನೊಂದೂವರೆ ಸೆಂಟಿಮೀಟರ್. ಎರಡೂ ಸೇರಿ ನಿಮ್ಮ ತೋಟಕ್ಕೆ ಒಂದು ಆಣೆಯ ಆಸುಪಾಸು. ನಕ್ಷೆ ಕೊಡುವವರನ್ನು ಇದು ನೆಲದ ದೂರವೋ ಜಾಲರಿ ದೂರವೋ ಎಂದು ಕೇಳಿ, ಉತ್ತರವನ್ನು ನಕ್ಷೆಯ ಮೇಲೇ ಬರೆಸಿಕೊಳ್ಳಿ.

ನಿಮ್ಮ ಸರ್ವೆಯರಿಂದ ನಕ್ಷೆಯ ಜೊತೆಗೆ ಕಚ್ಚಾ ಅಳತೆಯ ಪಟ್ಟಿಯನ್ನೂ ಕೇಳಿ ಪಡೆಯಿರಿ: ಯಂತ್ರ ಎಲ್ಲಿತ್ತು, ಅದರ ಎತ್ತರ ಎಷ್ಟು, ಕಲ್ಲಿನ ಮೇಲೆ ಹಿಡಿದ, ಬೆಳಕನ್ನು ಹಿಂದಿರುಗಿಸುವ ಪ್ರಿಸಮಿನ ಎತ್ತರ ಎಷ್ಟು, ಪ್ರತಿ ಕಲ್ಲಿಗೆ ಓರೆ ದೂರ, ಲಂಬ ಕೋನ, ಸಮತಲ ಕೋನ. ಸಮತಲ ದೂರ ಮಾತ್ರ ಇರುವ ಪಟ್ಟಿಯನ್ನು ಇನ್ನೊಬ್ಬರು ಪರೀಕ್ಷಿಸಲಾಗದು. ಓರೆ ದೂರ, ಕೋನ ಎರಡೂ ಇದ್ದರೆ ಹತ್ತು ವರ್ಷದ ನಂತರವೂ ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಬಹುದು. ಇಷ್ಟಾಗಿಯೂ ಖಾಸಗಿ ಅಳತೆ ನಿಮ್ಮ ತಿಳಿವಳಿಕೆಗೆ ಮಾತ್ರ. ಬಾಂದು ಕಲ್ಲಿನ ಬಗ್ಗೆಯೇ ಅನುಮಾನವಿದ್ದರೆ ಹದ್ದುಬಸ್ತಿಗೆ (ಸರ್ಕಾರಿ ಸರ್ವೆಯರಿಂದ ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿ, ಮೂಲ ಟಿಪ್ಪಣಿಯ (ಮೊದಲ ಸರ್ವೆಯ ಅಳತೆ ದಾಖಲೆಯ) ಅಳತೆಯೊಂದಿಗೆ ತಾಳೆ ನೋಡಿಸಬೇಕು. ಪಹಣಿಯಲ್ಲಿ ಬದಿಗಳ ಉದ್ದ ಸಿಗುವುದಿಲ್ಲ, ಟಿಪ್ಪಣಿಯಲ್ಲಿ ಸಿಗುತ್ತದೆ.

ಇನ್ನು ತಂತಿ. ಬೇಲಿ ನಿಲ್ಲುವುದು ನೆಲದ ಮೇಲೆ, ಆದ್ದರಿಂದ ಇಲ್ಲಿ ನಿಮ್ಮ ಟೇಪಿನ ಅಳತೆಯೇ ಬೇಕು. ಸುತ್ತಳತೆ 372 ಮೀಟರ್. ನಕ್ಷೆ ನೋಡಿ 361.6 ಮೀಟರ್ ಎಂದು ತಂದರೆ ಒಂದು ಎಳೆಗೆ ಹತ್ತು ಮೀಟರ್ ಚಿಲ್ಲರೆ ಕಡಿಮೆ ಬೀಳುತ್ತದೆ, ಐದು ಎಳೆಗೆ 52 ಮೀಟರ್. ಹನಿ ನೀರಾವರಿಯ ಪೈಪಿಗೂ ಇದೇ ಲೆಕ್ಕ. ಗಿಡದ ಗುಂಡಿಗೆ ಮಾತ್ರ ಮತ್ತೆ ಸಮತಲ: ಸಾಲಿನಿಂದ ಸಾಲಿಗೆ ಎರಡೂವರೆ ಮೀಟರ್ ಅಂತರ ಬೇಕೆಂದರೆ, ನಿಮ್ಮ ಇಳಿಜಾರಿನಲ್ಲಿ ನೆಲದ ಮೇಲೆ 2.66 ಮೀಟರಿಗೆ ಗೂಟ ಹೊಡೆಯಿರಿ.